ಅಡಿಕೆ ಹಾಳೆಯ ನೀರು: ಪೋಷಕರಿಗೊಂದು ಪತ್ರ

ಪ್ರಿಯ ಪೋಷಕರೇ,
ನಮಸ್ಕಾರ.

ಎರಡು ದಿನದಿಂದ ಮಳೆ ಹೊಳವಾಗಿದೆ. ಅಡಿಕೆಗೆ ಕೊಳೆ ರೋಗದ ಔಷಧಿ ಹೊಡೆಯುವುದಕ್ಕೆ ನೀವೆಲ್ಲ ಕಾಯುತ್ತಿದ್ದದ್ದೂ ಇದನ್ನೇ. ಸೊಳ್ಳೆಗೂ ಇದೇ ಬೇಕಾಗಿತ್ತು ನೋಡಿ. ಧೋ ಎಂದು ಸುರಿಯುವಾಗ ಮರಿಗಳು ಕೊಚ್ಚಿ ಹೋಗುತ್ತವೆ. ಬಿಟ್ಟು ಬಿಟ್ಟು ಬಂದರೆ ನಿಂತ ನೀರಲ್ಲೇ ಬೆಳೆದು ಹಾರುತ್ತವೆ.

ಡ್ರಮ್ಮು, ಟೈರು, ತೊಟ್ಟಿಯ ವಿಷಯ ಆಶಾ ಕಾರ್ಯಕರ್ತೆಯರು ಹೇಳುತ್ತಲೇ ಇದ್ದಾರೆ. ನಾನು ಬರೆಯುತ್ತಿರುವುದು ಗಿಡಗಳು ಹಿಡಿದಿಟ್ಟುಕೊಂಡ ನೀರಿನ ಬಗ್ಗೆ. ಇದನ್ನು ಯಾರೂ ಅಷ್ಟಾಗಿ ಗಮನಿಸುವುದಿಲ್ಲ.

ಕಳೆದ ವಾರ ನಮ್ಮ ಕೈತೋಟದ ಅನಾನಸ್ ಎಲೆಯ ಬುಡದಿಂದ ಏಳನೇ ತರಗತಿಯ ಮಕ್ಕಳು ಸಿರಿಂಜಿನಲ್ಲಿ ನೀರು ಎಳೆದು ಗಾಜಿನ ಲೋಟಕ್ಕೆ ಬಿಟ್ಟರು. (ಸೂಜಿ ಇಲ್ಲದ್ದು, ಗಾಬರಿ ಬೇಡ.) ಸೊಳ್ಳೆ ಮರಿಗಳು, ಅಂದರೆ ಸಣ್ಣ ಹುಳುಗಳು, ತಲೆ ಕೆಳಗೆ ಮಾಡಿ, ಬಾಲದ ಕೊಳವೆಯನ್ನು ನೀರಿನ ಮೇಲ್ಮೈಗೆ ತಾಗಿಸಿ ನೇತಾಡುತ್ತಿದ್ದವು. ಅವು ಉಸಿರಾಡುವುದೇ ಹಾಗೆ. ಕೈಯ ನೆರಳು ಬಿದ್ದದ್ದೇ ತಡ, ಕೊಂಕಿ ಕೊಂಕಿ ತಳ ಸೇರಿದವು. ಮಕ್ಕಳನ್ನು ಅಲ್ಲಿಂದ ಎಬ್ಬಿಸುವುದೇ ಕಷ್ಟವಾಯಿತು!

ಬಾಳೆ, ಕೆಸುವಿನ ಎಲೆಯ ಸಂದಿ, ಮರದ ಪೊಟರೆ, ಕಡಿದ ಬಿದಿರಿನ ಬುಡ, ಇಲ್ಲೆಲ್ಲ ಹೀಗೆ ನೀರು ನಿಲ್ಲುತ್ತದೆ. ನಮ್ಮ ಕಡೆ ಎಲ್ಲಕ್ಕಿಂತ ಜಾಸ್ತಿ ಇರುವುದು ಬಿದ್ದ ಅಡಿಕೆ ಹಾಳೆ. ಒಂದೊಂದೂ ಪುಟ್ಟ ದೋಣಿಯ ಹಾಗೆ ನೀರು ತುಂಬಿಕೊಂಡಿರುತ್ತದೆ. ಡೆಂಗಿ ಹರಡುವ ಈಡಿಸ್ ಸೊಳ್ಳೆಗೆ ಅಷ್ಟು ನೀರು ಸಾಕು. ಮೊಟ್ಟೆ ಒಡೆದು ಸೊಳ್ಳೆಯಾಗಲು ವಾರ, ಹತ್ತು ದಿನ. ಇದು ಹಗಲು ಹೊತ್ತು ಕಚ್ಚುತ್ತದೆ, ಹುಟ್ಟಿದ ಜಾಗ ಬಿಟ್ಟು ಹೆಚ್ಚು ದೂರ ಹೋಗುವುದಿಲ್ಲ. ಮನೆ ಹಿಂದೆಯೇ ತೋಟ ಇರುವವರು ಇದನ್ನು ಯೋಚಿಸಬೇಕು ಅಲ್ವಾ?

ಹಾಗಂತ ಬಾಳೆ, ಅನಾನಸ್ ಕಡಿದು ಹಾಕಬೇಡಿ. ಮನೆ ಹತ್ತಿರದ ಗಿಡಗಳ ಸಂದಿಗೆ ವಾರಕ್ಕೊಮ್ಮೆ ಪೈಪಿನಲ್ಲಿ ಜೋರಾಗಿ ನೀರು ಬಿಡಿ. ಹುಳು ಮಣ್ಣಿಗೆ ಬಿದ್ದು ಸಾಯುತ್ತವೆ. ಪೊಟರೆಗೆ ಮರಳು ತುಂಬಿ. ಬಿದಿರನ್ನು ಗಿಣ್ಣಿನ ಮಟ್ಟಕ್ಕೆ ಕಡಿಯಿರಿ. ಹಾಳೆಯ ನೀರು ಸುಮ್ನೆ ಚೆಲ್ಲಿದರೆ ಸಾಲದು. ಅಂಚಿಗೆ ಅಂಟಿದ ಮೊಟ್ಟೆ ಒಣಗಿದರೂ ತಿಂಗಳುಗಟ್ಟಲೆ ಬದುಕಿರುತ್ತದೆ, ಮತ್ತೆ ನೀರು ಸಿಕ್ಕಿದರೆ ಒಡೆಯುತ್ತದೆ. ಹಾಳೆಯನ್ನೇ ಹೆಕ್ಕಿ ಕೊಟ್ಟಿಗೆಗೆ ತನ್ನಿ, ಆಗದಿದ್ದರೆ ಕವುಚಿ ಹಾಕಿ.

ಮಂಗನ ಕಾಯಿಲೆಯೂ ಸೊಳ್ಳೆಯಿಂದಲೇ ಬರುತ್ತದಾ ಎಂದು ಕೆಲವರು ಕೇಳಿದ್ದೀರಿ. ಇಲ್ಲ, ಅದು ಉಣುಗಿನಿಂದ. ಅದರ ಬಗ್ಗೆ ಬೇಸಿಗೆ ಹತ್ತಿರವಾದಾಗ ಮಾತಾಡೋಣ.

ಮಗುವಿಗೆ ಜ್ವರ ಇದ್ದರೆ ಶಾಲೆಗೆ ಕಳಿಸಬೇಡಿ, ಹಾಜರಾತಿಯ ಚಿಂತೆ ನಮಗಿರಲಿ. ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಕರೆದುಕೊಂಡು ಹೋಗಿ. ಅಂಗಡಿಯಿಂದ ಆಸ್ಪಿರಿನ್, ಬ್ರೂಫೆನ್ ತಂದು ಕೊಡಬೇಡಿ. ಡೆಂಗಿಯಾಗಿದ್ದರೆ ರಕ್ತಸ್ರಾವ ಜಾಸ್ತಿಯಾಗಬಹುದು.

ಈ ಭಾನುವಾರ ಮಕ್ಕಳಿಗೆ ಬೇರೆ ಮನೆಪಾಠ ಇಲ್ಲ. ನಿಮ್ಮ ಜೊತೆ ತೋಟ ಸುತ್ತಿ, ಎಲ್ಲೆಲ್ಲಿ ನೀರು ನಿಂತಿತ್ತು ಎಂದು ಬರೆದುಕೊಂಡು ಬರಬೇಕು. ತುಂಬು ತೋಳಿನ ಅಂಗಿ ಹಾಕಿಸಿ. ಹಾಳೆಯೊಳಗೆ ಕೈ ಹಾಕುವ ಮುಂಚೆ ಕೋಲಿನಿಂದ ಮಗುಚಿ ನೋಡಲು ಹೇಳಿ, ಅಡಿಯಲ್ಲಿ ಹಾವು, ಚೇಳು ಇದ್ದೀತು.

ಇಂತಿ,
ಮುಖ್ಯ ಶಿಕ್ಷಕರು
ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆ
ತೀರ್ಥಹಳ್ಳಿ ತಾಲ್ಲೂಕು, ಶಿವಮೊಗ್ಗ ಜಿಲ್ಲೆ