ಸ್ವಾಮಿಯಂಥ ಮಕ್ಕಳಿಗೆ ಬಾಲ್ಯವೂ ಉಳಿಯಲಿ

ಮಾನ್ಯ ಸಂಪಾದಕರೇ,

ಯಾದವಗಿರಿಯಲ್ಲಿ ವಸ್ತುಸಂಗ್ರಹಾಲಯವಾಗಿರುವ ಆರ್.ಕೆ. ನಾರಾಯಣ್ ಅವರ ಮನೆಗೆ ಮೊಮ್ಮಗಳನ್ನು ಕರೆದೊಯ್ದಿದ್ದೆ. ಅವಳಿಗೆ ನಾರಾಯಣ್ ಕಥೆಗಳ ಪುಟ್ಟ ಹುಡುಗ ಸ್ವಾಮಿಯ ಕಥೆ ಹೇಳುವಾಗ ನನ್ನ ಕಣ್ಮುಂದೆ ಬಂದದ್ದು, ಕಿರುತೆರೆಯಲ್ಲಿ ಆ ಪಾತ್ರ ಮಾಡಿದ ಮಾಸ್ಟರ್ ಮಂಜುನಾಥ್ ಮುಖವೇ. ಆ ಕಥೆಗಳನ್ನು ಆಧರಿಸಿದ, ಶಂಕರ್ ನಾಗ್ ನಿರ್ದೇಶನದ ಧಾರಾವಾಹಿ ‘ಮಾಲ್ಗುಡಿ ಡೇಸ್’ 1980ರ ದಶಕದಲ್ಲಿ ದೂರದರ್ಶನದಲ್ಲಿ ಬರುತ್ತಿದ್ದಾಗ, ಟಿ.ವಿ. ಇದ್ದ ಒಂದೇ ಮನೆಗೆ ನಮ್ಮ ವಠಾರವೆಲ್ಲ ಸೇರುತ್ತಿತ್ತು. ಅಪ್ಪನೆದುರು ತಬ್ಬಿಬ್ಬಾಗಿ ನಿಲ್ಲುವ ಆ ಹುಡುಗ ನಟಿಸುತ್ತಿದ್ದಾನೆಂದು ಯಾರಿಗೂ ಅನ್ನಿಸುತ್ತಿರಲಿಲ್ಲ. ಮುಂದೆ ಮಂಜುನಾಥ್ ನಟನೆ ಬಿಟ್ಟು ಓದು, ಉದ್ಯೋಗದತ್ತ ಹೊರಳಿದರು. ಅದೂ ನನಗೆ ಮೆಚ್ಚುಗೆಯ ಸಂಗತಿಯೇ.

ಇಂದಿನ ಧಾರಾವಾಹಿ, ರಿಯಾಲಿಟಿ ಶೋಗಳ ಮಕ್ಕಳನ್ನು ಕಂಡಾಗ ಆತಂಕವಾಗುತ್ತದೆ. ಬಾಲ ಕಲಾವಿದರನ್ನು ದಿನಕ್ಕೆ 5 ಗಂಟೆಗಿಂತ ಹೆಚ್ಚು, ಬಿಡುವಿಲ್ಲದೆ 3 ಗಂಟೆಗಿಂತ ಹೆಚ್ಚು ದುಡಿಸುವಂತಿಲ್ಲ. ಆದಾಯದ ಶೇ 20ರಷ್ಟನ್ನಾದರೂ ಮಗುವಿನ ಹೆಸರಿನಲ್ಲಿ ಠೇವಣಿ ಇಡಬೇಕು ಎಂದು 2017ರ ಕೇಂದ್ರ ನಿಯಮಗಳು ಹೇಳುತ್ತವೆ. ಮೈಸೂರಿನ ಸುತ್ತಮುತ್ತ ಚಿತ್ರೀಕರಣ ನಡೆಯುವ ಕಡೆ ಕಾರ್ಮಿಕ ಇಲಾಖೆ ಇದನ್ನು ಖುದ್ದಾಗಿ ಪರಿಶೀಲಿಸಬೇಕು. ಆಡಿಷನ್‌ಗೆ ಮಕ್ಕಳನ್ನು ಕರೆದೊಯ್ಯುವ ಪೋಷಕರೂ ಈ ನಿಯಮಗಳನ್ನು ಮೊದಲು ಓದಿಕೊಳ್ಳಲಿ.

– ನಿವೃತ್ತ ಶಿಕ್ಷಕಿ, ಸರಸ್ವತಿಪುರಂ, ಮೈಸೂರು