ಗ್ರಾಸಿಂಗ್ ಮೇಜಿನ ಮುಂದೆ ನಿಲ್ಲುವ ಮೊದಲು

ಚಿ. ಪುಟ್ಟಿಗೆ ದೊಡ್ಡಮ್ಮ ಮಾಡುವ ಆಶೀರ್ವಾದಗಳು.

ಓಹಾಯೋದಲ್ಲಿ, ರೋಗಿಗಳ ಅಂಗಾಂಶವನ್ನು ಪರೀಕ್ಷೆಗೆ ಸಿದ್ಧಪಡಿಸುವ ಹಿಸ್ಟಾಲಜಿ ಲ್ಯಾಬಿನಲ್ಲಿ ನಿನಗೆ ಕೆಲಸ ಸಿಕ್ಕಿತೆಂದು ನಿನ್ನಮ್ಮ ಫೋನಿನಲ್ಲಿ ಹೇಳಿದಾಗ ಬಹಳ ಸಂತೋಷವಾಯಿತು. ಇದೇ ದೇಶದಲ್ಲಿ, ಇದೇ ಕಸುಬಿನಲ್ಲಿ ಇಪ್ಪತ್ತೆರಡು ವರ್ಷ ಕಳೆದವಳಾದ್ದರಿಂದ ನಿನಗೆ ಒಂದು ವಿಷಯವನ್ನು ಮೊದಲೇ ತಿಳಿಸಬೇಕೆನಿಸಿ ಬರೆಯುತ್ತಿದ್ದೇನೆ.

ಅಲ್ಲಿ ಮೊದಲ ವಾರದಿಂದಲೇ ‘ಕ್ಲಿಯಾ’ ಎಂಬ ಮಾತು ನಿನ್ನ ಕಿವಿಗೆ ಬೀಳುತ್ತದೆ. ಅದು ರೋಗಪರೀಕ್ಷೆಯ ಲ್ಯಾಬುಗಳ ಗುಣಮಟ್ಟಕ್ಕಾಗಿ ಮಾಡಿದ 1988ರ ಅಮೆರಿಕದ ಕಾಯ್ದೆ. ಗರ್ಭಕಂಠದಿಂದ ತೆಗೆದ ಜೀವಕೋಶಗಳ ಸ್ಲೈಡುಗಳಾದ ಪ್ಯಾಪ್ ಸ್ಮಿಯರ್‌ಗಳನ್ನು ಅವಸರದಲ್ಲಿ ಓದಿದ್ದರಿಂದ ಗರ್ಭಕಂಠದ ಕ್ಯಾನ್ಸರ್ ಕಣ್ತಪ್ಪಿ ಹೆಂಗಸರು ಪ್ರಾಣ ಕಳೆದುಕೊಂಡ ಸುದ್ದಿಗಳು ಅದರ ಹಿಂದಿವೆ. ಮನೆಯಲ್ಲೇ ಮಾಡಿಕೊಳ್ಳುವ ಸಕ್ಕರೆ ಪರೀಕ್ಷೆಯಂಥ ಸರಳ ಪರೀಕ್ಷೆಗಳಿಗೆ ಕಾಯ್ದೆ ವಿನಾಯಿತಿ ಕೊಡುತ್ತದೆ. ಉಳಿದವನ್ನು ಏಳು ಅಳತೆಗೋಲುಗಳಿಂದ ತೂಗುತ್ತದೆ. ಬೇಕಾದ ಜ್ಞಾನ, ತರಬೇತಿ ಮತ್ತು ಅನುಭವ, ರಾಸಾಯನಿಕಗಳ ತಯಾರಿ, ಕೆಲಸದ ಹಂತಗಳು, ಗುಣಮಟ್ಟ ನಿಯಂತ್ರಣದ ಸಾಮಗ್ರಿ, ಯಂತ್ರದ ನಿರ್ವಹಣೆ ಮತ್ತು ದೋಷ ಪತ್ತೆ, ಕೊನೆಯದಾಗಿ ಅರ್ಥೈಸುವಿಕೆ ಮತ್ತು ತೀರ್ಮಾನ, ಇವುಗಳಿಗೆ ತಲಾ 1ರಿಂದ 3 ಅಂಕ. ಒಟ್ಟು 12 ಅಥವಾ ಕಡಿಮೆ ಬಂದರೆ ಮಧ್ಯಮ ಸಂಕೀರ್ಣತೆ, 12ನ್ನು ದಾಟಿದರೆ ಉನ್ನತ ಸಂಕೀರ್ಣತೆ. ಅಂಗಾಂಶವನ್ನು ನೋಡಿ ರೋಗ ಗುರುತಿಸುವ ಹಿಸ್ಟೊಪೆಥಾಲಜಿ ಉನ್ನತ ವರ್ಗಕ್ಕೆ ಸೇರಿದ್ದು.

ಹಾಗೆಂದು ನೀನು ದಿನವಿಡೀ ಮಾಡುವುದೆಲ್ಲ ಉನ್ನತ ಸಂಕೀರ್ಣತೆಯ ಪರೀಕ್ಷೆ ಎಂದುಕೊಳ್ಳಬೇಡ. ಅಂಗಾಂಶವನ್ನು ಪ್ರೊಸೆಸರ್‌ಗೆ ಹಾಕುವುದು, ಪ್ಯಾರಫಿನ್‌ನಲ್ಲಿ ಹೂತು ಬ್ಲಾಕ್ ಮಾಡುವುದು, ಮೈಕ್ರೋಟೋಮಿನಲ್ಲಿ ನಾಲ್ಕೈದು ಮೈಕ್ರಾನ್ ದಪ್ಪಕ್ಕೆ ಕೊಯ್ಯುವುದು, ಹಿಮಟಾಕ್ಸಿಲಿನ್ ಮತ್ತು ಇಯೋಸಿನ್ ಬಣ್ಣ ಹಾಕುವುದು, ಇವು ಕಾನೂನಿನ ಕಣ್ಣಿನಲ್ಲಿ ಪರೀಕ್ಷೆಯ ತಯಾರಿ ಮಾತ್ರ. ಇದು ನನಗೆ ಇಂದಿಗೂ ಪೂರ್ತಿ ಒಪ್ಪಿಗೆಯಾಗಿಲ್ಲ. ಕೊಯ್ದ ಪದರಗಳು ಸಾಲಾಗಿ ಅಂಟಿಕೊಂಡು ಬೆಚ್ಚಗಿನ ನೀರಿನ ಮೇಲೆ ತೇಲುವ ರಿಬ್ಬನ್‌ನಲ್ಲಿ ಒಂದು ಸುಕ್ಕು ಉಳಿದರೂ, ಬೇರೊಬ್ಬ ರೋಗಿಯ ಚೂರೊಂದು ಬಂದು ಅಂಟಿಕೊಂಡರೂ ಮುಂದೆ ಓದುವ ಪೆಥಾಲಜಿಸ್ಟ್ ದಾರಿ ತಪ್ಪಬಹುದು. ಆದರೆ ಕಾನೂನು ಗೆರೆ ಎಳೆದಿರುವುದು ಕೈಚಳಕದ ಮೇಲಲ್ಲ, ರೋಗಿಯ ವರದಿಗೆ ಸೇರುವ ತೀರ್ಮಾನ ಯಾರದು ಎಂಬುದರ ಮೇಲೆ.

ಆ ಗೆರೆ ನಿನ್ನ ಕಾಲಬುಡದಲ್ಲೇ ಹಾದುಹೋಗುವುದು ಗ್ರಾಸಿಂಗ್ ಮೇಜಿನ, ಅಂದರೆ ಅಂಗಾಂಶವನ್ನು ಬರಿಗಣ್ಣಿನಿಂದ ನೋಡಿ ವಿವರಿಸುವ ಮೇಜಿನ ಹತ್ತಿರ. ಫಾರ್ಮಲಿನ್ ಡಬ್ಬಿಯಿಂದ ಚೂರನ್ನು ತೆಗೆದು, ಅದರ ಬಣ್ಣ, ಅಳತೆ, ಸಂಖ್ಯೆಯನ್ನು ಹೇಳಿ ಬರೆಸಿದ ಕ್ಷಣದಲ್ಲೇ ಅದು ಉನ್ನತ ಸಂಕೀರ್ಣತೆಯ ಪರೀಕ್ಷೆಯಾಗುತ್ತದೆ. ‘ಕಂದು ಬಣ್ಣದ ಮೂರು ಚೂರು, ದೊಡ್ಡದು 3 ಮಿಲಿಮೀಟರ್’ ಎಂಬುದು ನೋಡಲು ಎಷ್ಟು ಸಣ್ಣ ವಾಕ್ಯ! ಮೂರು ಎಂದು ಬರೆದದ್ದು ಸ್ಲೈಡಿನಲ್ಲಿ ಎರಡೇ ಇದ್ದರೆ, ಕಳೆದುಹೋದ ಆ ಒಂದರಲ್ಲೇ ರೋಗವಿತ್ತೇ ಎಂದು ಕೇಳುವ ಸ್ಥಿತಿ ಬರುತ್ತದೆ.

ನಾನು ಕೆಲಸಕ್ಕೆ ಸೇರಿದ ಹೊಸದರಲ್ಲಿ ಒಂದು ಲ್ಯಾಬಿನಲ್ಲಿ ಜನ ಸಾಲದೆ, ‘ಸಣ್ಣ ಬಯಾಪ್ಸಿ ತಾನೇ, ನೀನೇ ಹೇಳಿ ಬರೆಸಿಬಿಡು’ ಎಂದರು. ಹಿರಿಯರು ಹೇಳಿದರಲ್ಲ ಎಂದು ಮೂರು ವಾರ ಜಠರದ ಬಯಾಪ್ಸಿಗಳನ್ನು ಬರೆಸಿದೆ. ತಪಾಸಣೆಗೆ ಬಂದವರು ನನ್ನ ಪದವಿ ಇಲ್ಲಿ ಯಾವುದಕ್ಕೆ ಸಮ ಎಂದು ತಿಳಿಸುವ ಮೌಲ್ಯಮಾಪನ ಪತ್ರ ಕೇಳಿದಾಗ ಕೊಡಲು ನನ್ನಲ್ಲಿ ಏನೂ ಇರಲಿಲ್ಲ. ರೋಗಿಗಳಿಗೆ ತೊಂದರೆಯಾಗಲಿಲ್ಲ ಎಂಬುದೊಂದೇ ಸಮಾಧಾನ. ಅಂದು ಒಲ್ಲೆ ಎನ್ನದ ನನ್ನ ತಪ್ಪು ಈಗಲೂ ಮನಸ್ಸನ್ನು ಚುಚ್ಚುತ್ತದೆ.

ಆಂಟಿಬಾಡಿ ಬಳಸಿ ಅಂಗಾಂಶದಲ್ಲಿ ಬೇಕಾದ ಪ್ರೋಟೀನನ್ನು ತೋರಿಸುವ ಇಮ್ಯುನೊ ಬಣ್ಣಗಳಲ್ಲೂ ಎಚ್ಚರವಿರಲಿ. ತಯಾರಕರು ಹೇಳಿದ ವಿಧಾನವನ್ನು ಲ್ಯಾಬು ತನ್ನಷ್ಟಕ್ಕೆ ಬದಲಿಸಿದರೆ, ಮಧ್ಯಮ ಸಂಕೀರ್ಣತೆಯ ಪರೀಕ್ಷೆಯೂ ಉನ್ನತಕ್ಕೆ ಏರಿಬಿಡುತ್ತದೆ. ಆಂಟಿಬಾಡಿ ಸರಿಯಾಗಿ ಹತ್ತಲಿಲ್ಲವೆಂದು ನೀನಾಗಿಯೇ ದ್ರಾವಣದ ಪ್ರಮಾಣವನ್ನು ತಿದ್ದಬೇಡ. ಮೊದಲು ಫಲಿತಾಂಶ ಮೊದಲೇ ಗೊತ್ತಿರುವ ಕಂಟ್ರೋಲ್ ಸ್ಲೈಡ್ ನೋಡು, ಅದು ಹೇಗೆ ಬಂತೆಂದು ಬರೆದಿಡು, ಮೇಲ್ವಿಚಾರಕರಿಗೆ ತಿಳಿಸು.

ಈಗ ನಿನ್ನ ಪದವಿಯ ಮಾತು. ಉನ್ನತ ವರ್ಗದ ಪರೀಕ್ಷೆ ಮಾಡಲು ರಸಾಯನ, ಜೀವ ಅಥವಾ ಲ್ಯಾಬ್ ವಿಜ್ಞಾನದ ಪದವಿಯಿರಬೇಕು, ಇಲ್ಲವೇ ಎರಡು ವರ್ಷದ ಕಾಲೇಜು ಓದಿಗೆ ಸಮನಾದ ವ್ಯಾಸಂಗದಲ್ಲಿ 24 ಸೆಮಿಸ್ಟರ್ ಗಂಟೆಗಳ (ಇಲ್ಲಿನ ಕಾಲೇಜುಗಳು ಪಾಠವನ್ನು ಅಳೆಯುವ ಕ್ರೆಡಿಟ್) ವಿಜ್ಞಾನವಿರಬೇಕು. ಅದರಲ್ಲಿ ರಸಾಯನಶಾಸ್ತ್ರ 6, ಜೀವಶಾಸ್ತ್ರ 6 ಕಡ್ಡಾಯ. ಇದರ ಜೊತೆಗೆ ಲ್ಯಾಬ್ ತರಬೇತಿಗೆ ದಾಖಲೆಯೂ ಬೇಕು. ಮೈಸೂರಿನಲ್ಲಿ ನೀನು ಮಾಡಿದ ಸಿಬಿಝಡ್ ಬಿಎಸ್ಸಿಯಲ್ಲಿ ರಸಾಯನ, ಸಸ್ಯ, ಪ್ರಾಣಿಶಾಸ್ತ್ರ ಮೂರೂ ಇರುವುದರಿಂದ ವಿಷಯಗಳಿಗೆ ಕೊರತೆಯಾಗದು. ಆದರೆ ನಮ್ಮ ಮೂರು ವರ್ಷದ ಪದವಿ ಇಲ್ಲಿ ಯಾವುದಕ್ಕೆ ಸಮ ಎಂಬುದನ್ನು ಮಾನ್ಯತೆ ಪಡೆದ ಸಂಸ್ಥೆಯಿಂದ ಬರೆಸಿಕೊಳ್ಳಬೇಕು, ಅದೂ ಒಂದೊಂದು ವಿಷಯದ ಗಂಟೆಗಳನ್ನು ಬಿಡಿಸಿ ತೋರಿಸುವ ಮೌಲ್ಯಮಾಪನವೇ ಆಗಬೇಕು.

ಆರೂ ಸೆಮಿಸ್ಟರಿನ ಅಂಕಪಟ್ಟಿಗಳನ್ನು ಸ್ಕ್ಯಾನ್ ಮಾಡಿ ಈ ಭಾನುವಾರದೊಳಗೆ ನನಗೆ ಕಳಿಸು. ಪ್ರಾಯೋಗಿಕ ತರಗತಿಗಳ ಗಂಟೆಗಳು ಅದರಲ್ಲಿ ನಮೂದಾಗಿಲ್ಲದಿದ್ದರೆ ಕಾಲೇಜಿನಿಂದ ಪಠ್ಯಕ್ರಮದ ಪ್ರತಿ ತರಿಸಲು ನಿನ್ನಪ್ಪನಿಗೆ ನಾನೇ ಹೇಳುತ್ತೇನೆ. ಆ ಪತ್ರ ನಿನ್ನ ಕಡತಕ್ಕೆ ಸೇರುವವರೆಗೆ ಮೈಕ್ರೋಟೋಮಿನ ಮುಂದೆಯೇ ಕೂತಿರು.

ಇಂತು,
ನಿನ್ನ ದೊಡ್ಡಮ್ಮ