ಸೂರಿಲ್ಲದ ಗೋದಾಮು

ಬೈಕಂಪಾಡಿ, ಮಂಗಳೂರು
ಜುಲೈ 21

ಪ್ರಧಾನ ವಾಸ್ತುಶಿಲ್ಪಿಗಳಿಗೆ,
ಬೆಂಗಳೂರು

ವಿಷಯ: ನಮ್ಮ ಗೇರುಬೀಜದ ಗೋದಾಮು ಮತ್ತು ಕಚೇರಿಯ ಮರುವಿನ್ಯಾಸದಲ್ಲಿ ಆಗಿರುವ ಲೋಪಗಳು, ಅವುಗಳ ದುರಸ್ತಿ ಮತ್ತು ನಷ್ಟ ಪರಿಹಾರ

ಮಾನ್ಯರೇ,

ಈ ಪತ್ರ ಬರೆಯುತ್ತಿರುವ ಮೇಜಿನ ಮೇಲೆ, ಕಂಪ್ಯೂಟರಿಗೂ ಲೆಡ್ಜರಿಗೂ ನಡುವೆ, ಒಂದು ಸ್ಟೀಲಿನ ಬಾಲ್ದಿ ಇದೆ. ನೀವು ಹೊದಿಸಿದ ಛಾವಣಿಯಿಂದ ಅದರೊಳಗೆ ಹನಿ ಬೀಳುತ್ತಿದೆ. ಬೆಳಿಗ್ಗೆಯಿಂದ ಎರಡು ಸಲ ತುಂಬಿ, ಎರಡು ಸಲ ಚೆಲ್ಲಿ ಬಂದಿದ್ದೇವೆ. ಜೂನ್ ಮೊದಲ ವಾರದಿಂದ ನಿಮ್ಮ ಕಚೇರಿಗೆ ಒಂಬತ್ತು ಸಲ ಫೋನ್ ಮಾಡಿದ್ದೇನೆ, ನಾಲ್ಕು ಮಿಂಚಂಚೆ ಕಳುಹಿಸಿದ್ದೇನೆ. ಸಿಕ್ಕ ಉತ್ತರ ಒಂದೇ: “ಮಳೆ ನಿಂತ ಮೇಲೆ ಬಂದು ನೋಡುತ್ತೇವೆ.” ನಮ್ಮ ಕಡೆ ಮಳೆ ನಿಲ್ಲುವುದು ನವರಾತ್ರಿಯ ಹೊತ್ತಿಗೆ. ಜೋರು ಮಳೆಯ ತುಳು ತಿಂಗಳು ಆಟಿ ಈಗಷ್ಟೇ ಹಿಡಿದಿದೆ.

ಪಣಂಬೂರಿನ ಬಂದರು ಬಂದು ಕೆಲವು ವರ್ಷಗಳಾದ ಮೇಲೆ ನನ್ನ ತಂದೆ ಈ ಗೋದಾಮು ಕಟ್ಟಿಸಿದರು. ಮುರಕಲ್ಲಿನ ಗೋಡೆ, ಕಬ್ಬಿಣದ ಟ್ರಸ್, ಮೇಲೆ ಹಂಚು. ನೋಡುವುದಕ್ಕೆ ಏನೂ ಇರಲಿಲ್ಲ, ಒಪ್ಪುತ್ತೇನೆ. ಆದರೆ ಮಾಡು, ಅಂದರೆ ಛಾವಣಿ, ಎರಡೂ ಬದಿಗೆ ಕಡಿದಾಗಿ ಇಳಿದು, ಗೋಡೆಯಿಂದ ಐದು ಅಡಿ ಮುಂದಕ್ಕೆ ಚಾಚಿತ್ತು. ಆ ಸೂರಿನ ಕೆಳಗೆ ಲಾರಿಯ ಹಿಂಭಾಗ ಬಂದು ನಿಂತರೆ, ಎಂಥ ಮಳೆಯಲ್ಲೂ ಗೋಣಿ ಒದ್ದೆಯಾಗದೆ ಒಳಗೆ ಬರುತ್ತಿತ್ತು. ಹಂಚಿನ ಸಂದುಗಳಲ್ಲಿ ಗಾಳಿ ಆಡುತ್ತಿದ್ದುದರಿಂದ ಬೀಜಕ್ಕೆ ಬೂಸು ಹಿಡಿದ ನೆನಪಿಲ್ಲ. ವರ್ಷಕ್ಕೊಮ್ಮೆ, ಮೇ ಕೊನೆಯ ಹೊತ್ತಿಗೆ ಬರುವ ಪತ್ತನಾಜೆಯ ದಿನಕ್ಕೆ ಮೊದಲು, ಒಬ್ಬ ಕೆಲಸದವನು ಮೇಲೆ ಹತ್ತಿ ಒಡೆದ ಹಂಚು ಬದಲಿಸುತ್ತಿದ್ದ. ಛಾವಣಿಯ ನಿರ್ವಹಣೆ ಎಂದರೆ ಅಷ್ಟೇ.

ನಿಮ್ಮಲ್ಲಿಗೆ ಬಂದದ್ದು ಮೂರು ಕಾರಣಕ್ಕೆ. ಫೋರ್ಕ್‌ಲಿಫ್ಟ್ ಓಡುವಂಥ ನೆಲ ಬೇಕಿತ್ತು, ಕಂಟೇನರ್ ನಿಂತು ಸರಕು ಇಳಿಸುವಂಥ ಕಟ್ಟೆ, ಅಂದರೆ ಡಾಕ್, ಬೇಕಿತ್ತು, ಹದಿನಾಲ್ಕು ಜನ ಕೂರುವ ಕಚೇರಿ ಬೇಕಿತ್ತು. ನಾಲ್ಕನೆಯ ಮಾತನ್ನೂ ಬರೆದು ಕೊಟ್ಟಿದ್ದೆ. ಮೊದಲ ಸಭೆಯಲ್ಲಿ ಕೊಟ್ಟ ಆ ಹಾಳೆಯ ಪ್ರತಿ ಇದರ ಜೊತೆಗಿದೆ: “ಪಶ್ಚಿಮ ಆಫ್ರಿಕಾದ ಬೀಜ ನಮಗೆ ತಲುಪುವುದೇ ಮಳೆಗಾಲದ ಹೊತ್ತಿಗೆ. ಮಳೆಯಲ್ಲಿ ಇಳಿಸುವ ವ್ಯವಸ್ಥೆ ಈಗ ಇರುವುದಕ್ಕಿಂತ ಕಡಿಮೆಯಾಗಬಾರದು.” ನಿಮ್ಮವರು ಅದರ ಮೇಲೆ ಸಹಿ ಹಾಕಿ ತೆಗೆದುಕೊಂಡಿದ್ದಾರೆ.

ನೀವು ಕೊಟ್ಟದ್ದು ಒಂದು ಪೆಟ್ಟಿಗೆ. ನಾಲ್ಕೂ ಕಡೆ ನೇರ ಗೋಡೆ, ಮೇಲೆ ಅಂಚಿಗೆ ಎತ್ತಿ ಕಟ್ಟಿದ ಗಿಡ್ಡ ಗೋಡೆ, ಅಂದರೆ ಪ್ಯಾರಾಪೆಟ್, ಅದರ ಹಿಂದೆ ಕಣ್ಣಿಗೆ ಬೀಳದಂತೆ ಅಡಗಿಸಿದ ತಗಡಿನ ಮಾಡು. ಇಳಿಜಾರು ಎಷ್ಟು ಕಡಿಮೆ ಎಂದರೆ, ಮೇಲೆ ಹೋದ ನಮ್ಮ ಕೆಲಸದವನು ಬೀಡಿ ಹಚ್ಚಿ ಆರಾಮಾಗಿ ಕೂತಿದ್ದ. ಸೂರು ಎಂಬುದೇ ಇಲ್ಲ. ಗುತ್ತಿಗೆದಾರರ ಎಂಜಿನಿಯರು ಡಾಕ್ ಮೇಲಾದರೂ ಆರು ಅಡಿ ಚಾಚು ಕೊಡೋಣ ಎಂದು ನಿಮಗೆ ಬರೆದಿದ್ದರು. “ಎಲಿವೇಶನ್ ಕೆಡುತ್ತದೆ” ಎಂದು ನೀವು ಉತ್ತರಿಸಿದ್ದೀರಿ, ಅಂದರೆ ಕಟ್ಟಡದ ಹೊರನೋಟ ಹಾಳಾಗುತ್ತದೆ ಎಂದು. ಆ ಎರಡು ಪದಗಳಿಗಾಗಿ ನಾವು ಈ ಮಳೆಗಾಲ ಕೊಟ್ಟಿರುವ ಬೆಲೆಯ ಲೆಕ್ಕ ಮುಂದಿದೆ.

ಮೊದಲು ನೀರಿನ ಲೆಕ್ಕ. ಒಂದು ಚದರ ಮೀಟರಿನ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್ ನೀರು. ಇದು ಶಾಲೆಯ ಲೆಕ್ಕ. ಗೋದಾಮಿನ ಉದ್ದ 60 ಮೀಟರ್, ಅಗಲ 18 ಮೀಟರ್. ಹಾಗಾಗಿ ಮಾಡಿನ ವಿಸ್ತೀರ್ಣ 1,080 ಚದರ ಮೀಟರ್. ಗಂಟೆಗೆ 100 ಮಿಲಿಮೀಟರಿನ ಬಿರುಸಿನಲ್ಲಿ ಮಳೆ ಹೊಡೆದರೆ ಒಂದು ಗಂಟೆಗೆ 1,08,000 ಲೀಟರ್ ನೀರು. ಹನ್ನೆರಡು ಸಾವಿರ ಲೀಟರಿನ ಟ್ಯಾಂಕರ್ ಒಂಬತ್ತು. ಇಷ್ಟು ನೀರು ಹೊರಗೆ ಹೋಗಲು ನೀವು ಇಟ್ಟಿರುವುದು ಪ್ಯಾರಾಪೆಟ್ಟಿನ ಒಳಗೆ ಒಂಬತ್ತು ಇಂಚಿನ ಗಟಾರ, ನಾಲ್ಕು ಮೂಲೆಗೆ ನಾಲ್ಕು ಇಂಚಿನ ನಾಲ್ಕು ಪೈಪು. ಗಟಾರ ತುಂಬಿದರೆ ನೀರು ಹೊರಗೆ ಚಿಮ್ಮಲು ಗೋಡೆಯಲ್ಲಿ ಒಂದು ತೂತಾದರೂ ಇರಬೇಡವೇ? ಇಲ್ಲ. ಅದೂ ಎಲಿವೇಶನ್ ಕೆಡಿಸುತ್ತದೆ ಎಂದು ಕಾಣುತ್ತದೆ. ಕಾಂಪೌಂಡಿನ ಆಚೆ ಒಂದು ಗೋಳಿಮರವಿದೆ. ನಿಮ್ಮ ಸರ್ವೇ ನಕ್ಷೆಯಲ್ಲೂ ಅದನ್ನು ಹಸಿರು ವೃತ್ತವಾಗಿ ತೋರಿಸಿದ್ದೀರಿ. ಅದರ ಎಲೆ ನಾಲ್ಕು ಇಂಚಿನ ಪೈಪಿನ ಬಾಯಿಗೆ ಅಳತೆ ತೆಗೆದು ಮಾಡಿದ ಮುಚ್ಚಳದಂತೆ ಕೂರುತ್ತದೆ. ಪೈಪು ಕಟ್ಟಿದರೆ ನೀರಿಗೆ ಉಳಿಯುವ ದಾರಿ ಒಂದೇ, ತಗಡಿನ ಅಂಚು ಹತ್ತಿ ಗೋದಾಮಿನ ಒಳಕ್ಕೆ.

ಬೆಂಗಳೂರಿನಲ್ಲಿ ವರ್ಷಕ್ಕೆ ಸಾವಿರ ಮಿಲಿಮೀಟರಿನ ಆಸುಪಾಸು ಮಳೆ. ಇಲ್ಲಿ ಮೂರೂವರೆ ಸಾವಿರ ದಾಟುತ್ತದೆ, ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರಿನೊಳಗೆ, ಪಡು ಗಾಳಿಯ ಜೊತೆ ಅಡ್ಡಡ್ಡಲಾಗಿ ಹೊಡೆಯುತ್ತದೆ. ಬಾಸೆಲ್ ಮಿಷನ್ನಿನವರು 1865ರಲ್ಲಿ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ಹಾಕಿದ ಊರಿದು. ಮಾಡಿನ ಇಳಿಜಾರು ಎಷ್ಟಿರಬೇಕು ಎಂದು ಇಲ್ಲಿಯವರು ಬೆಂಗಳೂರಿಗೆ ಹೋಗಿ ಕೇಳಬೇಕಾಗಿರಲಿಲ್ಲ. ನಾವು ಕೇಳಿದೆವು, ಕೇಳಿದ್ದಕ್ಕೆ ಹಣವನ್ನೂ ಕೊಟ್ಟೆವು. ಆ ತಪ್ಪು ನಮ್ಮದು. ಗೋಧೂಳಿಯ ಬೆಳಕಿನಲ್ಲಿ ಗೋದಾಮು ಹೊಳೆಯುವ ನಿಮ್ಮ ತ್ರಿಡಿ ಚಿತ್ರ ನೋಡಿ ನಾನೂ ಮರುಳಾದವಳೇ. ಆ ಚಿತ್ರದಲ್ಲಿ ಮಳೆ ಇರಲಿಲ್ಲ.

ಜೂನ್ ಎರಡನೆಯ ವಾರ ಒಂದು ರಾತ್ರಿ ಪೂರ್ವದ ಗೋಡೆಗುಂಟ ನೀರಿಳಿದು 212 ಚೀಲ ತೊಯ್ದವು. ಚೀಲಕ್ಕೆ 80 ಕಿಲೋ. ಒಟ್ಟು 16,960 ಕಿಲೋ. ಅಟ್ಟಿಯ ಕೆಳಗಿನ ಸಾಲನ್ನು ಮರದ ಹಲಗೆಯ ಮೇಲಿಟ್ಟಿದ್ದೆವು, ಆದರೆ ನೀರು ಬಂದದ್ದು ಮೇಲಿನಿಂದ. ಮೂರು ದಿನ ಬಿಟ್ಟು ಖರೀದಿದಾರರ ಮನುಷ್ಯ ಬಂದ. ಪ್ರತಿ ಅಟ್ಟಿಯಿಂದ ಒಂದು ಹಿಡಿ ಬೀಜ ತೆಗೆದು, ನೆಲದ ಮೇಲೆ ಕಾಗದ ಹಾಸಿ, ಒಂದೊಂದನ್ನೇ ಕತ್ತರಿಸಿ ಎರಡು ಹೋಳು ಮಾಡಿ ಸಾಲಾಗಿ ಜೋಡಿಸಿದ. ಒಳ್ಳೆಯ ತಿರುಳು ಹಾಲಿನ ಬಣ್ಣಕ್ಕೆ ಇರುತ್ತದೆ. ಎಡಗಡೆಯ ಎರಡು ಸಾಲು ಹಾಗೇ ಇತ್ತು. ಬಲಗಡೆಯದರಲ್ಲಿ ತಿರುಳಿನ ಅಂಚಿಗೆ ಕಂದು ಬಣ್ಣ ಏರಿತ್ತು, ಕೆಲವಕ್ಕೆ ಕಪ್ಪು ಚುಕ್ಕೆ. ಅವನು ಏನೂ ಮಾತನಾಡಲಿಲ್ಲ, ತಲೆಯೆತ್ತಿ ಮಾಡನ್ನು ನೋಡಿದ. ನಮ್ಮ ವ್ಯಾಪಾರದಲ್ಲಿ ದರ ನಿಲ್ಲುವುದೇ ಔಟ್‌ಟರ್ನ್ ಮೇಲೆ, ಅಂದರೆ 80 ಕಿಲೋ ಚೀಲಕ್ಕೆ ಎಷ್ಟು ಪೌಂಡ್ ಒಳ್ಳೆಯ ತಿರುಳು ಎಂಬುದರ ಮೇಲೆ. ಅಂದು ಅವನು ಬರೆದುಕೊಟ್ಟ ಚೀಟಿ ಮತ್ತು ನಷ್ಟದ ವಿವರ ಲಗತ್ತಿಸಿದ್ದೇನೆ.

ಸೋರದ ದಿನವೂ ನೆಮ್ಮದಿಯಿಲ್ಲ. ತಗಡಿನ ಅಡಿಯಲ್ಲಿ ಶಾಖನಿರೋಧಕ ಹಾಸು ಮತ್ತು ಮಾಡಿನ ನೆತ್ತಿಯಲ್ಲಿ ಗಾಳಿಕಂಡಿ ಮೊದಲ ಅಂದಾಜು ಪಟ್ಟಿಯಲ್ಲಿ ಇದ್ದವು. ಖರ್ಚು ಮಿತಿ ಮೀರಿದಾಗ ನೀವು ಕೈಬಿಟ್ಟದ್ದು ಅವೆರಡನ್ನು. ಮುಂಭಾಗದ ಗಾಜಿನ ಗೋಡೆಯನ್ನಲ್ಲ. ಈಗ ಒಳಗಿನ ಹಸಿ ಗಾಳಿ ತಣ್ಣನೆಯ ತಗಡಿಗೆ ತಾಗಿ, ಬೆಳಗಿನ ಜಾವ ಇಡೀ ಗೋದಾಮಿನಲ್ಲಿ ಇಬ್ಬನಿಯಂತೆ ತೊಟ್ಟಿಕ್ಕುತ್ತದೆ. ಇದಕ್ಕೆ ಮಳೆಯೇ ಬೇಕಾಗಿಲ್ಲ.

ಆ ಗಾಜಿನ ಗೋಡೆ ಇರುವುದು ಪಶ್ಚಿಮಕ್ಕೆ. ಮಳೆಗಾಲದಲ್ಲಿ ಅದರ ಅಂಚಿನ ಸೀಲಂಟ್ ದಾಟಿ ನೀರು ಬರುತ್ತದೆ. ಮಳೆಗಾಲಕ್ಕೆ ಮೊದಲು, ಏಪ್ರಿಲ್‌ನಲ್ಲಿ, ಮಧ್ಯಾಹ್ನ ಮೂರರ ಮೇಲೆ ಅಲ್ಲಿ ಕೂರಲಾಗುತ್ತಿರಲಿಲ್ಲ. ತೆರೆಯುವ ಕಿಟಕಿ ಒಂದೂ ಇಲ್ಲದ್ದರಿಂದ ವಿದ್ಯುತ್ ಹೋದರೆ ಕಚೇರಿಯನ್ನೇ ಖಾಲಿ ಮಾಡಬೇಕು. ನಮ್ಮ ಗುಮಾಸ್ತರು ಹಳೆಯ ಕ್ಯಾಲೆಂಡರುಗಳನ್ನು ಗಾಜಿಗೆ ಅಂಟಿಸಿದ್ದಾರೆ. ನಿಮ್ಮ ಛಾಯಾಗ್ರಾಹಕರು ಮೇ ತಿಂಗಳಲ್ಲಿ ಬಂದಾಗ ಅವನ್ನು ಕಿತ್ತು ತೆಗೆಸಿ ಚಿತ್ರ ತೆಗೆದುಕೊಂಡು ಹೋದರು. ಪುನಃ ಅಂಟಿಸುವ ಕೆಲಸ ನಮಗೆ ಬಂತು.

ಇನ್ನೊಂದು ಸಣ್ಣ ಮಾತು, ನಿಮಗೆ ಸಣ್ಣದು. ಹಳೆಯ ಕಚೇರಿಯಲ್ಲಿ ತೂಕದ ಸೇತುವೆಯ ಕಡೆಗೆ ಒಂದು ಕಿಟಕಿ ಇತ್ತು. ಲಾರಿ ಏರಿ ನಿಂತಾಗ ಗುಮಾಸ್ತರು ಕೂತಲ್ಲಿಂದಲೇ ಅಂಕಿ ನೋಡಿ, ಚಾಲಕನ ಕೈಗೆ ಚೀಟಿ ಕೊಡುತ್ತಿದ್ದರು. ಈಗ ಕಚೇರಿ ಮಹಡಿಯ ಮೇಲೆ, ಕಿಟಕಿಯ ಜಾಗದಲ್ಲಿ ಕಪ್ಪು ಕಲ್ಲಿನ ಹಲಗೆಯ ಮೇಲೆ ನಮ್ಮದೇ ಸಂಸ್ಥೆಯ ಹೆಸರು. ಅರುವತ್ತರ ಹತ್ತಿರದ ಆ ಮನುಷ್ಯ ಪ್ರತಿ ಲಾರಿಗೂ 22 ಮೆಟ್ಟಿಲು ಇಳಿದು ಹತ್ತುತ್ತಾರೆ. ಒಂದು ದಿನ ನಮ್ಮ ಕೆಲಸ ಹೇಗೆ ನಡೆಯುತ್ತದೆ ಎಂದು ನೋಡಿದ್ದರೂ ಸಾಕಿತ್ತು. ನೆಲದ ಬಗ್ಗೆ ದೂರಿಲ್ಲ. ಅದು ಚೆನ್ನಾಗಿದೆ, ಫೋರ್ಕ್‌ಲಿಫ್ಟ್ ಸಲೀಸಾಗಿ ಓಡುತ್ತದೆ, ಮಟ್ಟವೂ ಸರಿಯಾಗಿದೆ.

“ನಾವು ವಾಸ್ತುಶಿಲ್ಪಿಗಳು, ಸ್ಥಳದಲ್ಲಿ ಆದ ಕೆಲಸಕ್ಕೆ ಗುತ್ತಿಗೆದಾರರು ಹೊಣೆ” ಎಂದು ನಿಮ್ಮ ಸಹಾಯಕರು ಫೋನಿನಲ್ಲಿ ಹೇಳಿದರು. ಗುತ್ತಿಗೆದಾರರು ನಿಮ್ಮ ನಕ್ಷೆಯಂತೆಯೇ ಕಟ್ಟಿದ್ದಾರೆ. ನೀವೇ ಪರಿಶೀಲಿಸಿ ಬಿಲ್ಲಿಗೆ ಒಪ್ಪಿಗೆ ಕೊಟ್ಟಿದ್ದೀರಿ. ಸೂರು ಇಲ್ಲದಿರುವುದು, ಗಟಾರದ ಅಗಲ, ಪೈಪಿನ ಅಳತೆ, ಇವು ಗಾರೆಯವನ ತಪ್ಪುಗಳಲ್ಲ. ಬರೆದ ಗೆರೆಯ ತಪ್ಪುಗಳು.

ಆದ್ದರಿಂದ ನಾವು ಕೇಳುತ್ತಿರುವುದು ಇಷ್ಟು. ಡಾಕ್ ಮೇಲೆ ಕನಿಷ್ಠ ಆರು ಅಡಿಯ ಮಾಡು ಮತ್ತು ಪ್ಯಾರಾಪೆಟ್ಟಿನಲ್ಲಿ ನೀರು ಹೊರಚೆಲ್ಲುವ ಕಂಡಿಗಳನ್ನು ಹದಿನೈದು ದಿನಗಳೊಳಗೆ ನಿಮ್ಮ ಖರ್ಚಿನಲ್ಲಿ ಮಾಡಿಸಿಕೊಡಬೇಕು. ಗಟಾರ, ಪೈಪು, ಗಾಳಿಕಂಡಿಗಳ ಹೊಸ ವಿನ್ಯಾಸವನ್ನು ನೀರಿನ ಲೆಕ್ಕದ ಸಮೇತ ಬರೆದು ಕೊಡಬೇಕು. ಅದಕ್ಕೆ ಪ್ರತ್ಯೇಕ ಶುಲ್ಕ ಕೊಡುವುದಿಲ್ಲ. 212 ಚೀಲಗಳ ನಷ್ಟ ತುಂಬಿಕೊಡಬೇಕು. ತಡೆಹಿಡಿದಿರುವ ಕೊನೆಯ ಕಂತು ಇವೆಲ್ಲ ಮುಗಿಯುವವರೆಗೆ ನಮ್ಮಲ್ಲೇ ಇರುತ್ತದೆ.

ನಮ್ಮದು ವ್ಯಾಪಾರದ ಉದ್ದೇಶಕ್ಕೆ ಪಡೆದ ಸೇವೆಯಾದ್ದರಿಂದ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಬಾಗಿಲು ನಮಗೆ ತೆರೆದಿಲ್ಲ ಎಂಬುದು ನಿಮ್ಮ ವಕೀಲರಿಗೆ ಗೊತ್ತಿರುವಂತೆ ನಮ್ಮವರಿಗೂ ಗೊತ್ತಿದೆ. 1972ರ ವಾಸ್ತುಶಿಲ್ಪಿಗಳ ಕಾಯ್ದೆಯಡಿ ಕೌನ್ಸಿಲ್ ಆಫ್ ಆರ್ಕಿಟೆಕ್ಚರ್‌ಗೆ ದೂರು ಕೊಡಬಹುದು, ವಾಣಿಜ್ಯ ನ್ಯಾಯಾಲಯಕ್ಕೂ ಹೋಗಬಹುದು. ಆ ಕಾಗದಗಳು ಸಿದ್ಧವಾಗಿವೆ. ಅವನ್ನು ಕಳುಹಿಸುವ ಆಸೆ ನನಗಿಲ್ಲ. ನನಗೆ ಬೇಕಾಗಿರುವುದು ಸೂರು.

ಬರುವ ಗುರುವಾರ ಬೆಳಿಗ್ಗೆ ಹತ್ತಕ್ಕೆ ಬಂದರಿನಿಂದ ಎರಡು ಕಂಟೇನರ್ ಬರುತ್ತವೆ. ನಿಮ್ಮ ಎಂಜಿನಿಯರು ಆ ಹೊತ್ತಿಗೆ ಡಾಕ್ ಮೇಲೆ ಇರಲಿ. ಮಳೆ ಇದ್ದರೆ ಬರಲಿ, ಇಲ್ಲದಿದ್ದರೆ ಇರುವ ದಿನಕ್ಕೆ ಮುಂದೂಡಿ. ಕೆಲಸದವರು ಚೀಲದ ಮೇಲೆ ಟಾರ್ಪಾಲು ಹಿಡಿದು ಓಡುವುದನ್ನು ಒಂದು ಗಂಟೆ ನಿಂತು ನೋಡಿದ ಮೇಲೆ ಮಾತಿಗೆ ಕೂರೋಣ. ಮಧ್ಯಾಹ್ನದ ಊಟ ನಮ್ಮಲ್ಲೇ.

ಇಂತಿ,
ಆಡಳಿತ ಪಾಲುದಾರೆ